ಒಂದರಂತೆ ಇನ್ನೊಂದು ತೋಟೆ

ನಾನು ಮಾಡುತ್ತಿದ್ದ ಕೆಲಸ ಏನೆಂದು ದೆಹಲಿಯ ಕಿದ್ವಾಯಿ ನಗರದ ನಮ್ಮ ಬ್ಲಾಕಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಶೂಟಿಂಗ್ ರೇಂಜಿನಲ್ಲಿ ಕ್ಲರ್ಕು ಅಂತ ಕೆಲವರು, ಯಾವುದೋ ಸ್ಟೋರ್‌ಕೀಪರು ಅಂತ ಇನ್ನು ಕೆಲವರು ತಿಳಿದಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ. "ಬಂದೂಕಿನ ತೋಟೆ ತುಂಬುತ್ತೇನೆ" ಎಂದರೆ ಪಕ್ಕದ ಮನೆಯವರು ಮಕ್ಕಳನ್ನು ನಮ್ಮ ಮನೆಗೆ ಆಡಲು ಕಳಿಸುತ್ತಾರೋ ಇಲ್ಲವೋ ಎಂಬ ಅಳುಕು. ಈಗ ನಿವೃತ್ತಿಯಾಗಿದೆ. ತೋಟೆ ತುಂಬುವ ಕೋಣೆಗೆ ಹೊಸಬರು ಬರುತ್ತಿದ್ದಾರೆ. ಅವರಿಗೆ ಕೈಪಿಡಿ ಕೊಡುತ್ತಾರೆ, ತರಬೇತಿಯೂ ಆಗುತ್ತದೆ. ಕೈಪಿಡಿಯಲ್ಲಿ ಇಲ್ಲದ ಕೆಲವನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ಫರೀದಾಬಾದ್ ಆಚೆ, ಅರಾವಳಿಯ ಬೋಳು ಗುಡ್ಡಗಳ ಮಗ್ಗುಲಲ್ಲಿ ನಮ್ಮ ಶೂಟಿಂಗ್ ರೇಂಜ್. ಮುನ್ನೂರು ಮೀಟರ್ ದೂರದ ಗುರಿಗೆ ರೈಫಲ್ ಸ್ಪರ್ಧೆಗೆ ಹೋಗುವವರು ಅಲ್ಲಿ ಅಭ್ಯಾಸ ಮಾಡುತ್ತಾರೆ. ಅವರಿಗೆ ಬೇಕಾದ ತೋಟೆಗಳನ್ನು ಕೈಯಿಂದಲೇ ತುಂಬುವ ಒಂದು ಕೋಣೆ, ಅದಕ್ಕೆ ಸರ್ಕಾರದ ಪರವಾನಗಿ, ಬಾಗಿಲಿಗೆ ಎರಡು ಬೀಗ. ಹಿತ್ತಾಳೆಯ ಖಾಲಿ ಕೇಸು, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಪ್ರೈಮರ್, ಒಳಗೆ ಮದ್ದು, ಬಾಯಿಗೆ ಗುಂಡು. ಇಷ್ಟೇ ಒಂದು ತೋಟೆ. ಒಂದನ್ನು ತುಂಬುವುದು ಯಾರಿಗಾದರೂ ಬರುತ್ತದೆ. ಮೊದಲನೆಯದರಂತೆಯೇ ಅರವತ್ತನೆಯದನ್ನೂ ತುಂಬುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು.

ಬಂದೂಕಿನ ಹೆದರಿಕೆ ನನಗೆ ಇರಲಿಲ್ಲ. ಕೊಡಗಿನ ನಮ್ಮ ಮನೆಯಲ್ಲಿ ಕೋವಿ ಇತ್ತು, ಕೈಲ್ ಮುಹೂರ್ತದ ದಿನ ಅದಕ್ಕೆ ಹೂ ಮುಡಿಸಿ ಪೂಜೆ ಮಾಡುತ್ತಿದ್ದೆವು. ಅಪ್ಪ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ನಾನು ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಗಂಡನ ಕೇಂದ್ರ ಸರ್ಕಾರದ ನೌಕರಿಯ ಹಿಂದೆ ದೆಹಲಿಗೆ ಬಂದವಳು. ಭೌತಶಾಸ್ತ್ರ ಓದಿದ್ದೇನೆ, ಕೋವಿ ಕಂಡಿದ್ದೇನೆ, ಇನ್ನೇನು ಕಲಿಯುವುದಿದೆ ಎಂದುಕೊಂಡು ಮೊದಲ ದಿನ ಆ ಕೋಣೆಗೆ ಕಾಲಿಟ್ಟೆ.

ಒಳಗೆ ಹರ್ಫೂಲ್ ಸಿಂಗ್ ಕೂತಿದ್ದರು. ರೋಹ್ತಕ್ ಕಡೆಯ ಜಾಟ್ ಮನುಷ್ಯ, ನಿವೃತ್ತ ಸುಬೇದಾರ್, ದೊಡ್ಡ ಬಿಳಿ ಮೀಸೆ. ರೇಂಜಿನಲ್ಲಿ ಎಲ್ಲರಿಗೂ ಅವರು ಉಸ್ತಾದ್. ನನ್ನ ಸರ್ಟಿಫಿಕೇಟುಗಳನ್ನು ನೋಡಲಿಲ್ಲ. ನೂರು ಖಾಲಿ ಕೇಸುಗಳನ್ನು ಮುಂದಿಟ್ಟು, "ಇವನ್ನು ತೂಗಿ ಬರಿ ಬೇಟಿ" ಎಂದರು. ಒಂದೊಂದಕ್ಕೂ ನಂಬರ್ ಹಾಕಿ ತೂಗಿ ಬರೆದೆ. ಮಧ್ಯಾಹ್ನ ಊಟವಾದ ಮೇಲೆ, "ಈಗ ಮತ್ತೊಮ್ಮೆ ತೂಗು. ಬೆಳಗಿನ ಕಾಗದ ನನ್ನ ಕೈಯಲ್ಲಿರಲಿ" ಎಂದರು. ಸಂಜೆ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟಾಗ ನನ್ನ ಮುಖ ಸಣ್ಣದಾಯಿತು. ಅರ್ಧಕ್ಕರ್ಧ ತೂಕ ತಾಳೆಯಾಗಲಿಲ್ಲ.

"ಕೇಸು ಬದಲಾಯಿತಾ, ತಕ್ಕಡಿ ಬದಲಾಯಿತಾ?" ಎಂದು ಕೇಳಿದರು.

ಅವರು ಎದ್ದುಹೋಗಿ ನನ್ನ ತಲೆಯ ಮೇಲಿನ ಫ್ಯಾನಿನ ಸ್ವಿಚ್ಚು ಆರಿಸಿದರು. ಗಾಳಿಗೆ ತಕ್ಕಡಿಯ ಕಡ್ಡಿ ಕೂದಲೆಳೆಯಷ್ಟು ಅಲುಗುತ್ತಿತ್ತು, ನಾನು ಅದು ನಿಂತಿತೆಂದು ಭಾವಿಸಿ ಬರೆದುಕೊಂಡಿದ್ದೆ. ಅಂದಿನಿಂದ ತೂಗುವ ಹೊತ್ತಿನಲ್ಲಿ ಆ ಕೋಣೆಯಲ್ಲಿ ಫ್ಯಾನೂ ಇಲ್ಲ, ಕೂಲರೂ ಇಲ್ಲ. ದೆಹಲಿಯ ಮೇ ತಿಂಗಳಲ್ಲಿ ಅದು ಏನೆಂದು ಇಲ್ಲಿ ಬಾಳಿದವರಿಗೆ ಹೇಳಬೇಕಿಲ್ಲ. ಹಣೆಯ ಬೆವರು ಕೇಸಿನ ಮೇಲೆ ಬೀಳದಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದೆವು.

ಎರಡನೆಯ ಪಾಠ ನನ್ನ ಜಂಬಕ್ಕೆ ಬಿದ್ದ ಪೆಟ್ಟು. ಸೇರಿ ಆರೇಳು ತಿಂಗಳಾಗಿತ್ತು. ಒಂದು ಬೆಳಗ್ಗೆ ನಾನು ತುಂಬಿದ ಮೂರು ತೋಟೆ ಪರೀಕ್ಷೆಗೆ ಹೊಡೆದಾಗ ಮೂರೂ ಒಂದೇ ತೂತಿನಂತೆ ಬಿದ್ದವು. ಗುರಿಯ ಆ ಕಾಗದವನ್ನು ಹಿಡಿದುಕೊಂಡು ಮುನ್ನೂರು ಮೀಟರ್ ಓಡಿಕೊಂಡೇ ಬಂದೆ.

ಉಸ್ತಾದ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಅಚ್ಛಾ. ಏನು ಬದಲಾಯಿಸಿದೆ?"

"ಬೇರೆ ಗುಂಡು ಹಾಕಿದೆ ಉಸ್ತಾದ್. ಸ್ವಲ್ಪ ಒಳಗೆ ಕೂರಿಸಿದೆ."

"ಹಾಗಾದರೆ ಒಳ್ಳೆಯದಾಗಿದ್ದು ಗುಂಡಿನಿಂದಲೋ, ಒಳಗೆ ಕೂರಿಸಿದ್ದರಿಂದಲೋ?"

ನಾನು ಕಾಗದವನ್ನು ವಾಪಸು ತೆಗೆದುಕೊಂಡು ಮಡಚಿದೆ.

"ಮೂರು ಗುಂಡು ಯಾರಿಗಾದರೂ ಒಂದು ದಿನ ಹತ್ತಿರ ಬೀಳುತ್ತವೆ. ಹೋಗು, ಹತ್ತು ತುಂಬು."

ಹತ್ತು ತುಂಬಿ ಹೊಡೆಸಿದೆ. ಅಂಗೈಯಗಲ ಚದುರಿಹೋದವು. ಆಮೇಲೆ ಹಳೆಯ ಗುಂಡಿಗೆ ಹಿಂದಿರುಗಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತ, ಪ್ರತಿ ಬದಲಾವಣೆಗೂ ಹತ್ತು ಹೊಡೆಸುತ್ತ, ಅದೇ ಕೆಲಸಕ್ಕೆ ಏಳು ವಾರ ಹಿಡಿಯಿತು. ಕೊನೆಗೆ ಸಿಕ್ಕ ಫಲ ಆ ಮೂರು ತೂತಿನಷ್ಟು ಚೆಂದವಿರಲಿಲ್ಲ, ಆದರೆ ಯಾವಾಗ ಬೇಕಾದರೂ ಮತ್ತೆ ಬರುತ್ತಿತ್ತು. ಏನು ಬದಲಾಯಿಸಿದೆ, ಯಾಕೆ, ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸ ಆಗ ಶುರುವಾಯಿತು. ಕೆಟ್ಟ ಫಲವನ್ನು ಬರೆಯಲು ನಾಚಿಕೆಪಡುವವರು ಅದನ್ನೇ ಮೂರು ವರ್ಷ ಬಿಟ್ಟು ಇನ್ನೊಮ್ಮೆ ಮಾಡುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ತಪ್ಪನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಆಗ ನನಗೆ ಐದು ವರ್ಷದ ಅನುಭವ. ಮರದ ಹಲಗೆಯ ಕುಳಿಗಳಲ್ಲಿ ಐವತ್ತು ಕೇಸು ನಿಲ್ಲಿಸಿಕೊಂಡು ಒಂದೊಂದಕ್ಕೆ ಮದ್ದು ಹಾಕುತ್ತಿದ್ದೆ. ಆಫೀಸಿನಿಂದ ಕರೆ ಬಂತು, ಮಗಳಿಗೆ ಜ್ವರ, ಶಾಲೆಯವರು ಕರೆದುಕೊಂಡು ಹೋಗಲು ಹೇಳುತ್ತಿದ್ದಾರೆ ಎಂದು. ಹೋಗಿ ಫೋನಿನಲ್ಲಿ ಮಾತಾಡಿದೆ, ಗಂಡನನ್ನು ಶಾಲೆಗೆ ಕಳಿಸಿದೆ, ಬಂದು ಕೂತು ಕೆಲಸ ಮುಂದುವರಿಸಿದೆ. ಎಲ್ಲಿ ಬಿಟ್ಟಿದ್ದೆ ಎಂದು ಅಂದಾಜಿನ ಮೇಲೆ ಶುರುಮಾಡಿದೆ. ಒಂದು ಕೇಸಿಗೆ ಮದ್ದು ಬೀಳಲೇ ಇಲ್ಲ. ಅದರ ಮೇಲೂ ಗುಂಡು ಕೂರಿಸಿಬಿಟ್ಟೆ. ಹೊರಗಿನಿಂದ ನೋಡಿದರೆ ಉಳಿದ ನಲವತ್ತೊಂಬತ್ತರಂತೆಯೇ ಹೊಳೆಯುತ್ತಿತ್ತು.

ಅವುಗಳನ್ನು ಪರೀಕ್ಷೆಗೆ ಹೊಡೆಯುತ್ತಿದ್ದವರು ಉಸ್ತಾದರೇ. ನಾನು ದುರ್ಬೀನಿನ ಬಳಿ ನಿಂತಿದ್ದೆ. ಹದಿನಾಲ್ಕನೆಯದೋ ಹದಿನೈದನೆಯದೋ, ಟಪ್ ಎಂದು ಸಪ್ಪೆ ಸದ್ದು. ಗುರಿಯಲ್ಲಿ ಹೊಸ ತೂತಿಲ್ಲ. ಅವರು ಮುಂದಿನ ತೋಟೆಗೆ ಕೈ ಹಾಕಲಿಲ್ಲ. ರೈಫಲ್ಲಿನಿಂದ ಕೆನ್ನೆ ತೆಗೆದು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಕಳಚಿ ಪಕ್ಕಕ್ಕಿಟ್ಟು, ನಳಿಗೆಯೊಳಗೆ ಕಣ್ಣು ಹಾಯಿಸಿದರು. ಆಚೆ ಬದಿಯ ಬೆಳಕು ಕಾಣಲಿಲ್ಲ. ಪ್ರೈಮರಿನ ಕಿಡಿಯಷ್ಟೇ ತಳ್ಳಿದ ಗುಂಡು ನಳಿಗೆಯೊಳಗೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳುತ್ತಿತ್ತು, ಅವರ ಮುಖ ಅದರ ಮಗ್ಗುಲಲ್ಲೇ ಇರುತ್ತಿತ್ತು.

ಸರಳು ಹಾಕಿ ಗುಂಡನ್ನು ಹೊರಗೆ ತಳ್ಳಿದರು. ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಿನ್ನದು ಬೇಟಿ" ಎಂದರು. ಅಷ್ಟೇ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಬೇರೆ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಬರೆದು ತಂದೆ. ಉಸ್ತಾದ್ ಓದಿ ಮಡಚಿ ನನಗೇ ವಾಪಸು ಕೊಟ್ಟರು.

"ಎಷ್ಟು ದಿನ ಹೆದರಿಕೆ ಇರುತ್ತೆ ಅಂದುಕೊಂಡಿದ್ದೀ?"

"ಸಾಯೋವರೆಗೂ ಉಸ್ತಾದ್."

"ಇಲ್ಲ. ಒಂದು ತಿಂಗಳು. ಆಮೇಲೆ ಮರೆತುಹೋಗುತ್ತೆ. ನನಗೂ ಮರೆತಿತ್ತು. ಅಷ್ಟರೊಳಗೆ ಕೈಗೆ ಒಂದು ಪದ್ಧತಿ ಕಲಿಸಿಬಿಡು. ಕೈ ಮರೆಯಲ್ಲ."

ಒಂದು ತಿಂಗಳು ಪ್ರತಿ ದಿನ ಅವರೆದುರು ಅದನ್ನು ಮಾಡಿ ತೋರಿಸಿದೆ. ಮದ್ದು ಹಾಕಿ ಮುಗಿದ ಮೇಲೆ, ಗುಂಡು ಕೂರಿಸುವ ಮೊದಲು, ಟಾರ್ಚ್ ಹಿಡಿದು ಐವತ್ತೂ ಕೇಸಿನೊಳಗೆ ಸಾಲುಸಾಲಾಗಿ ನೋಡುವುದು. ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಇರಬೇಕು. ನಡುವೆ ಯಾರಾದರೂ ಕರೆದರೆ, ಆ ಹಲಗೆಯ ಮದ್ದನ್ನೆಲ್ಲ ವಾಪಸು ಸುರಿದು ಮೊದಲಿಂದ ಶುರುಮಾಡುವುದು. ಎಷ್ಟೋ ಸಲ ನಲವತ್ತೆಂಟನೆಯ ಕೇಸಿಗೆ ಬಂದಾಗ ಬಾಗಿಲು ಬಡಿದು ಎಲ್ಲವನ್ನೂ ಸುರಿದಿದ್ದೇನೆ. ಬೇಸರವಾಗುತ್ತಿತ್ತು. ಆದರೂ ಒಂದೇ ಒಂದು ಸಲ ಬಿಟ್ಟಿಲ್ಲ.

ಉಸ್ತಾದ್ ನಿವೃತ್ತರಾಗಿ ಹಳ್ಳಿಗೆ ಹೋದರು. ಕೋಣೆ ನನ್ನ ಪಾಲಿಗೆ ಬಂತು. ಕಡ್ಡಿಯ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿ ಬಂತು, ಗುಂಡಿನ ವೇಗ ಅಳೆಯುವ ಯಂತ್ರ ಬಂತು. ಯಂತ್ರಗಳನ್ನು ನಾನು ವಿರೋಧಿಸಿದವಳಲ್ಲ, ಕಣ್ಣಿಗೆ ಆಗುತ್ತಿದ್ದ ಶ್ರಮವನ್ನು ಅವು ಎಷ್ಟೋ ಉಳಿಸಿದವು. ಆದರೆ ಅವು ತೋರಿಸುವ ಅಂಕಿಯನ್ನೇ ಕೊನೆಯ ಮಾತು ಎನ್ನುವವರ ಜೊತೆ ಜಗಳವಾಡಿದ್ದೇನೆ. ವೇಗ ಒಂದೇ ಸಮ ಬಂದ ತೋಟೆಗಳು ಗುರಿಯಲ್ಲಿ ಚದುರಿದ್ದನ್ನು ನೋಡಿದ್ದೇನೆ. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಹಗಲು ಬಿಸಿಯೇರಿದಂತೆ ಮೆಲ್ಲಗೆ ಜರುಗುವುದನ್ನೂ ನೋಡಿದ್ದೇನೆ. ಹತ್ತು ತೂಕಕ್ಕೊಮ್ಮೆ ತೂಕ ಗೊತ್ತಿರುವ ಬಟ್ಟನ್ನು ಇಟ್ಟು ನೋಡಿ. ಉಳಿದದ್ದನ್ನು ಗುರಿಯ ಕಾಗದ ಹೇಳುತ್ತದೆ.

ನನ್ನ ಸೇವೆಯ ಕೊನೆಯ ವರ್ಷಕ್ಕೆ ಬರುತ್ತೇನೆ. ದಾವಣಗೆರೆಯ ಶಬಾನಾ ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತ, ಮುನಿರ್ಕಾದ ಒಂದು ಸಣ್ಣ ರೂಮಿನಲ್ಲಿದ್ದುಕೊಂಡು, ಬೆಳಗ್ಗೆ ಅಭ್ಯಾಸಕ್ಕೆ ಬರುತ್ತಿದ್ದಳು. ಮಲಗಿ ಹೊಡೆಯುವ ಮುನ್ನೂರು ಮೀಟರ್ ಸ್ಪರ್ಧೆ ಅವಳದು. ರೇಂಜಿನಲ್ಲಿ ಕನ್ನಡ ಕೇಳಿಸಿದರೆ ನನ್ನ ಕಿವಿ ತಾನಾಗಿ ಅತ್ತ ತಿರುಗುತ್ತಿತ್ತು, ಹಾಗೆ ಪರಿಚಯವಾದವಳು. ರಾಷ್ಟ್ರೀಯ ತಂಡದ ಆಯ್ಕೆಯ ಟ್ರಯಲ್ ಹತ್ತಿರ ಬಂದಿತ್ತು. ಅದಕ್ಕಾಗಿ ಅವಳು ಆಫೀಸಿನಲ್ಲಿ ಸಂಬಳವಿಲ್ಲದ ರಜೆ ಹಾಕಿದ್ದಳು.

ಟ್ರಯಲ್‌ಗೆ ಎಂಟು ದಿನವಿರುವಾಗ ನಮ್ಮ ಹಳೆಯ ಮದ್ದು ಮುಗಿದು ಹೊಸ ಡಬ್ಬಿಗಳು ಬಂದವು. ಅದೇ ಹೆಸರು, ಅದೇ ಚೀಟಿ, ಯಾವ ಕಂತಿನಲ್ಲಿ ತಯಾರಾಯಿತೆಂದು ಹೇಳುವ ಲಾಟ್ ನಂಬರ್ ಮಾತ್ರ ಬೇರೆ. ನಮ್ಮ ಮೇಲಧಿಕಾರಿ ಮಲ್ಹೋತ್ರಾ ಸಾಹೇಬರು ಕೋಣೆಗೆ ಬಂದು ನಿಂತರು. ಒಳ್ಳೆಯ ಆಡಳಿತಗಾರ, ಆದರೆ ಪಟ್ಟಿಯಲ್ಲಿ ಟಿಕ್ ಬೀಳದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

"ಮುತ್ತಮ್ಮ ಜೀ, ನಾಳೆ ಸಂಜೆಯೊಳಗೆ ಶಬಾನಾ ತೋಟೆ ತಯಾರಾಗಲಿ. ಈ ಒಪ್ಪಿಗೆ ಚೀಟಿಗೆ ಸಹಿ ಹಾಕಿಬಿಡಿ."

"ಹೊಸ ಲಾಟ್ ಬಂದಿದೆ ಸರ್. ಕಡಿಮೆ ಅಳತೆಯಿಂದ ಮತ್ತೆ ಶುರುಮಾಡಿ ನೋಡಬೇಕು."

"ಕಂಪನಿ ಅದೇ, ಮದ್ದು ಅದೇ. ಹಳೇ ಅಳತೆ ನಿಮ್ಮ ನೋಟ್‌ಬುಕ್ಕಿನಲ್ಲೇ ಇದೆಯಲ್ಲ. ಚಲೋ, ಹಾಕಿ."

"ಡಬ್ಬಿ ಮೇಲಿನ ಹೆಸರು ಅದೇ ಸರ್. ಒಳಗಿರೋದು ಸ್ವಲ್ಪ ಬೇಗ ಉರಿದರೂ ಗುಂಡು ಬೇರೆ ಕಡೆ ಹೋಗುತ್ತೆ. ಇನ್ನೂ ಬೇಗ ಉರಿದರೆ ಒತ್ತಡ ತಡೆಯೋದು ಬೋಲ್ಟ್, ಅದರ ಪಕ್ಕದಲ್ಲಿರೋದು ಆ ಹುಡುಗಿಯ ಕೆನ್ನೆ."

"ನೀವು ಸಹಿ ಮಾಡಲ್ಲ ಅಂತೀರಾ?"

"ಮಾಡಲ್ಲ ಸರ್."

"ಬರೆದು ಕೊಡಿ."

ಬರೆದು ಕೊಟ್ಟೆ. ನಾಲ್ಕು ಸಾಲು. ಪರೀಕ್ಷಿಸದ ಲಾಟಿನ ತೋಟೆಗೆ ಸಹಿ ಹಾಕಲಾರೆ, ಆರು ದಿನ ಬೇಕು. ಅವರು ಓದಿ ಜೇಬಿಗೆ ಹಾಕಿಕೊಂಡರು. "ಆರು ದಿನ. ತೋಟೆ ಇಲ್ಲ ಅಂತ ಆ ಹುಡುಗಿ ಟ್ರಯಲ್ ತಪ್ಪಿಸಿಕೊಂಡರೆ ಹೊಣೆ ನಿಮ್ಮದು. ನಿವೃತ್ತಿಗೆ ಎಷ್ಟು ತಿಂಗಳಿದೆ ಅಂತ ನೆನಪಿರಲಿ."

ನನಗೆ ಸಿಟ್ಟು ಬಂದದ್ದು ನಿಜ. ಹೆದರಿಕೆಯೂ ಇತ್ತು. ಹೊಸ ಮದ್ದು ಹಳೆಯದರಂತೆಯೇ ಉರಿದರೆ ಏನಾಗುತ್ತದೆ? ವಯಸ್ಸಾದ ಹೆಂಗಸಿನ ಹಟದಿಂದ ಆರು ದಿನ ಹಾಳಾಯಿತು ಎನ್ನುತ್ತಾರೆ. ಶಬಾನಾಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.

"ನಿನ್ನ ಅಭ್ಯಾಸದ ದಿನಗಳನ್ನ ನಾನು ತಿನ್ನುತ್ತಿದ್ದೀನಿ ಕಣೇ. ಬೇಡ ಅನ್ನಿಸಿದರೆ ಈಗಲೇ ಹೇಳು."

"ಆಂಟಿ, ನಾನು ಹೊಡೆಯುವಾಗ ತೋಟೆ ಬಗ್ಗೆ ಯೋಚನೆ ಬರಬಾರದು. ಅಷ್ಟು ಮಾಡಿಕೊಡಿ. ಬೆಳಗ್ಗೆ ಎಷ್ಟು ಹೊತ್ತಿಗೆ ಬರಲಿ?"

ಮೊದಲ ದಿನ ಕೇಸುಗಳನ್ನು ವಿಂಗಡಿಸಿದೆ. ಎರಡನೆಯ ದಿನ ಹಳೆಯ ಅಳತೆಗಿಂತ ತುಂಬ ಕೆಳಗಿನಿಂದ ಹಿಡಿದು, ಸಣ್ಣ ಸಣ್ಣ ಮೆಟ್ಟಿಲು ಏರಿಸುತ್ತ, ಪ್ರತಿ ಮೆಟ್ಟಿಲಿಗೆ ಐದೈದು ತುಂಬಿದೆ. ಬಿಸಿಲೇರಿ ಗುರಿಯ ಮುಂದೆ ಗಾಳಿ ಕುದಿಯುವ ಮೊದಲೇ ಹೊಡೆಯಬೇಕು, ಹಾಗಾಗಿ ಶಬಾನಾ ಸೂರ್ಯ ಹುಟ್ಟುವ ಹೊತ್ತಿಗೆ ಟ್ಯಾಕ್ಸಿ ಮಾಡಿಕೊಂಡು ಬರುತ್ತಿದ್ದಳು. ಮೂರನೆಯ ದಿನ ಬೆಳಗ್ಗೆ ಒಂದು ಮೆಟ್ಟಿಲಿನ ಎರಡನೆಯ ತೋಟೆ ಹೊಡೆದು ನಿಲ್ಲಿಸಿದಳು.

"ಆಂಟಿ, ಬೋಲ್ಟ್ ಎತ್ತೋಕೆ ಗಟ್ಟಿ ಇದೆ."

"ಕೈ ತೆಗಿ. ಮುಂದಿನದು ಹಾಕಬೇಡ."

ಖಾಲಿ ಕೇಸನ್ನು ತೆಗೆದು ನೋಡಿದೆ. ದುಂಡಗಿರಬೇಕಾದ ಪ್ರೈಮರಿನ ಅಂಚು ಒತ್ತಿದ ಹಿಟ್ಟಿನಂತೆ ಚಪ್ಪಟೆಯಾಗಿತ್ತು. ಒಳಗಿನ ಒತ್ತಡ ಮಿತಿ ಮೀರುತ್ತಿದೆ ಎಂಬುದಕ್ಕೆ ಅದು ಗುರುತು. ಕೆಳಗಿನ ಎರಡು ಮೆಟ್ಟಿಲಿನ ಕೇಸುಗಳನ್ನೂ ಅದರ ಜೊತೆಗಿಟ್ಟುಕೊಂಡು, ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿ, ಮಲ್ಹೋತ್ರಾ ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಹಳೇ ಅಳತೆ ಇದಕ್ಕಿಂತ ಎಷ್ಟು ಮೇಲಿತ್ತು?"

"ಇನ್ನೂ ಎರಡು ಮೆಟ್ಟಿಲು ಸರ್. ಟ್ರಯಲ್ ಮಧ್ಯಾಹ್ನದ ಬಿಸಿಲಲ್ಲಿ. ಬಿಸಿಗೆ ಮದ್ದು ಇನ್ನೂ ಬೇಗ ಉರಿಯುತ್ತೆ."

ಕ್ಷಮೆ ಕೇಳುವ ಜಾಯಮಾನ ಅವರದಲ್ಲ, ನಾನೂ ಎದುರು ನೋಡಲಿಲ್ಲ. ಮರುದಿನ ಬೆಳಗ್ಗೆ ಶಬಾನಾ ಬರುವ ಮೊದಲೇ ಅವರ ಕಾರು ರೇಂಜಿನಲ್ಲಿ ನಿಂತಿತ್ತು. "ದುರ್ಬೀನು ನಾನು ನೋಡ್ತೀನಿ. ನೀವು ಬರೆದುಕೊಳ್ಳಿ" ಎಂದರು. ಎರಡು ದಿನ ಹಾಗೇ ಬಂದು ಒಂದೊಂದು ತೂತನ್ನೂ ಕೂಗಿ ಹೇಳಿದರು.

ಆ ಎರಡು ದಿನದಲ್ಲಿ ಒಂದು ಅಳತೆ ತೂತುಗಳ ಬಹಳ ಚಿಕ್ಕ ಗುಂಪು ಕೊಟ್ಟಿತು. ಶಬಾನಾ ಅದೇ ಬೇಕು ಎಂದಳು. ನಾನು ಬೇಡವೆಂದೆ. ಅದರ ಆಚೀಚೆಯ ಅಳತೆಗಳಲ್ಲಿ ಗುಂಡುಗಳು ಚದುರುತ್ತಿದ್ದವು; ಬಿಸಿಲು ಹೆಚ್ಚಾಗಿ ಮದ್ದು ತುಸು ಚುರುಕಾದರೂ ಅವಳ ಅಂಕ ಹೋಗುತ್ತಿತ್ತು. ಅದಕ್ಕಿಂತ ಕೆಳಗೆ, ಮೂರು ಮೆಟ್ಟಿಲಿನ ಗುಂಡುಗಳೂ ಒಂದೇ ಎತ್ತರದಲ್ಲಿ, ಹತ್ತು ಅಂಕದ ವೃತ್ತದೊಳಗೆ ನೆಮ್ಮದಿಯಾಗಿ ಬೀಳುವ ಜಾಗವಿತ್ತು. ಆ ಮೂರರ ನಡುವಿನದನ್ನು ಆರಿಸಿದೆ. ಹೊಸಬರು ನೆನಪಿಟ್ಟುಕೊಳ್ಳಬೇಕಾದ ಮಾತು ಇದು: ಅತಿ ಚೆಂದದ ಫಲವನ್ನಲ್ಲ, ಸ್ವಲ್ಪ ಏರುಪೇರಾದರೂ ಕೆಡದ ಫಲವನ್ನು ಹುಡುಕಿ. ಆರನೆಯ ದಿನ ಟ್ರಯಲ್‌ಗೆ ಬೇಕಾದ ತೋಟೆಗಳನ್ನು ತುಂಬಿ, ಒಪ್ಪಿಗೆ ಚೀಟಿಗೆ ಸಹಿ ಹಾಕಿದೆ.

ಟ್ರಯಲ್ ದಿನ ಅರವತ್ತು ಗುಂಡು. ನಾನು ಹಿಂದೆ ಬೆಂಚಿನ ಮೇಲೆ ಕೂತು ಲೆಕ್ಕ ಹಿಡಿದಿದ್ದೆ. ಐವತ್ತರವರೆಗೂ ಅವಳು ತಂಡದೊಳಗಿದ್ದಳು. ಕೊನೆಯ ಸುತ್ತಿನಲ್ಲಿ ಗಾಳಿ ತಿರುಗಿತು. ಗಾಳಿಯ ದಿಕ್ಕು ತೋರಿಸುವ ಬಾವುಟ ಎಡಕ್ಕೆ ವಾಲಿದ್ದನ್ನು ನಾನು ನೋಡಿದೆ, ಅವಳೂ ನೋಡಿದಳು, ಆದರೂ ಕಾಯದೆ ಹೊಡೆದಳು. ಒಂಬತ್ತು. ಒಂದೇ ಒಂದು ಅಂಕದಿಂದ ತಂಡ ತಪ್ಪಿತು.

ಹೊರಗೆ ಬಂದವಳ ಕಣ್ಣು ಕೆಂಪಗಿತ್ತು. ಆರು ದಿನದ ಅಭ್ಯಾಸ ನಾನು ತಿಂದಿದ್ದೆ.

"ಆ ಒಂಬತ್ತು ನನ್ನದು ಆಂಟಿ, ನಿಮ್ಮದಲ್ಲ" ಎಂದಳು. "ಹೊಡೆದ ಕ್ಷಣವೇ ಗೊತ್ತಾಯ್ತು. ಎಲ್ಲಿ ಹೋಗುತ್ತೆ ಅಂದುಕೊಂಡೆನೋ ಅಲ್ಲೇ ಹೋಯ್ತು."

ನನ್ನ ಸೇವಾವಧಿಯಲ್ಲಿ ಕಾಗದದ ಮೇಲೆ ಬಂದ ಮೆಚ್ಚುಗೆಗಳು ಎಲ್ಲಿವೆಯೋ ಗೊತ್ತಿಲ್ಲ. ಈ ಮಾತನ್ನು ಮಾತ್ರ ಮನೆಗೆ ತಂದೆ. ಮುಂದಿನ ಸೋಮವಾರ ಅವಳು ಎಂದಿನ ಹೊತ್ತಿಗೆ ರೇಂಜಿಗೆ ಬಂದು ಚಾಪೆ ಹಾಸಿದಳು. ಗಾಳಿಯಿದ್ದ ದಿನಗಳನ್ನೇ ಹುಡುಕಿಕೊಂಡು ಅಭ್ಯಾಸ ಮಾಡಲು ಶುರುಮಾಡಿದಳು.

ಕೆಲವು ತಿಂಗಳಲ್ಲಿ ನಾನು ನಿವೃತ್ತಳಾದೆ. ನನ್ನ ಜಾಗಕ್ಕೆ ಕೀರ್ತಿ ಎಂಬ ಹುಡುಗಿ ಬಂದಳು. ಅಪ್ಪ ಅಮ್ಮ ಮೈಸೂರಿನವರು, ಅವಳು ಹುಟ್ಟಿ ಬೆಳೆದದ್ದೆಲ್ಲ ದೆಹಲಿಯ ಲಕ್ಷ್ಮೀ ನಗರದಲ್ಲಿ. ಕನ್ನಡ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಾಳೆ. ಮುಂದಿನ ಟ್ರಯಲ್ ಹತ್ತಿರ ಬಂದಾಗ ಶಬಾನಾಳ ರೈಫಲ್ಲಿಗೆ ಹೊಸ ನಳಿಗೆ ಕೂರಿಸಿದ್ದಾರೆಂದು ಕೇಳಿ, ತಡೆಯಲಾರದೆ ರೇಂಜಿಗೆ ಹೋದೆ.

"ಮದ್ದು ಅದೇ ಲಾಟ್ ಅಲ್ವಾ? ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಳತೆ ಇದೆ. ಅದನ್ನೇ ಹಾಕು. ಎರಡು ವಾರ ಉಳಿಯುತ್ತೆ" ಎಂದೆ.

ಕೀರ್ತಿ ಎದ್ದು ನಿಂತಳು. "ಸಾರಿ ಆಂಟಿ. ನಿಮ್ಮ ನೋಟ್‌ಬುಕ್ ಪೂರಾ ಓದಿದ್ದೀನಿ. ಲೇಕಿನ್ ನಳಿಗೆ ಹೊಸದು. ಹಳೇ ಅಳತೆ ಇದಕ್ಕೆ ಹೊಂದುತ್ತೆ ಅಂತ ಇಲ್ಲ. ನಾನು ಕೆಳಗಿನಿಂದಾನೇ ಶುರು ಮಾಡ್ತೀನಿ."

ಒಂದು ಕ್ಷಣ ಮುಖಕ್ಕೆ ಹೊಡೆದಂತಾಯಿತು. ಅಷ್ಟು ವರ್ಷ ಆ ಕೋಣೆಯಲ್ಲಿ ನನ್ನ ಮಾತೇ ನಡೆದಿತ್ತು. ಅವಳ ಮುಖ ನೋಡಿದೆ. ಹೆದರಿದ್ದಳು, ಆದರೆ ಜಾಗ ಬಿಟ್ಟು ಕದಲಲಿಲ್ಲ.

"ಸರಿ. ನಾನೇನು ಮಾಡಲಿ ಹೇಳು" ಎಂದೆ.

ಖಾಲಿ ಕೇಸುಗಳ ಒಂದು ತಟ್ಟೆಯನ್ನು ನನ್ನ ಮುಂದಿಟ್ಟಳು. "ಇವನ್ನು ವಿಂಗಡಿಸಿಕೊಡ್ತೀರಾ? ತೂಗೋದು ನಾನೇ ಮಾಡ್ತೀನಿ." ನಾನು ಕನ್ನಡಕ ಒರೆಸಿಕೊಂಡು ಕೂತೆ. ಎರಡು ವಾರದಲ್ಲಿ ಅವಳು ಹುಡುಕಿದ ಅಳತೆ ನನ್ನದಕ್ಕಿಂತ ಬೇರೆಯೇ ಇತ್ತು.

ಆ ಟ್ರಯಲ್‌ನಲ್ಲಿ ಶಬಾನಾ ತಂಡಕ್ಕೆ ಆಯ್ಕೆಯಾದಳು. ಕೊನೆಯ ಸುತ್ತಿನಲ್ಲಿ ಗಾಳಿ ಎದ್ದಾಗ ರೈಫಲ್ ಇಳಿಸಿ, ಬಾವುಟ ಮರಳುವವರೆಗೂ ಕಾದಳು. ಮುಗಿದ ಮೇಲೆ ಶೆಡ್ಡಿನಿಂದ ಹೊರಬಂದವಳು ನನ್ನನ್ನು ದಾಟಿಕೊಂಡು ಹೋಗಿ ಮೊದಲು ಕೀರ್ತಿಯ ಎರಡೂ ಕೈ ಹಿಡಿದುಕೊಂಡಳು. ಅದೇ ಸರಿ. ನಾನು ಬೆಂಚಿನಿಂದ ಎದ್ದು, ಅವರಿಬ್ಬರ ಮಾತು ಮುಗಿಯಲೆಂದು ಕಾಯುತ್ತ ನಿಂತೆ.